ಕೋವಿ ಕೊಟ್ಟು ತಂದ ಗಿಟಾರು

ದಿಲೀಪನಿಗೆ ಇಪ್ಪತ್ತಮೂರು ನಡೆಯುತ್ತಿದ್ದಾಗ ಅವನ ಅಪ್ಪ ಮಂಜಯ್ಯ ಅವನ ಎರಡನೆಯ ಗಿಟಾರನ್ನು ಕಾಫಿ ಕಣದ ನಡುವೆ ಮಲಗಿಸಿ ಕೊಡಲಿಯಿಂದ ಸೀಳಿದರು. ಒಂದೇ ಏಟಿಗೆ ಅದು ಮುಗಿಯಲಿಲ್ಲ. ಮೊದಲ ಏಟಿಗೆ ಹೊಟ್ಟೆ ಒಡೆಯಿತು, ಎರಡನೆಯದಕ್ಕೆ ಕತ್ತು ಮುರಿಯಿತು. ತಂತಿಗಳು ಮಾತ್ರ ಎರಡು ತುಂಡನ್ನೂ ಬಿಡದೆ ಹಿಡಿದುಕೊಂಡು ಕಿರುಗುಟ್ಟಿದವು. ಮಂಜಯ್ಯ ಕಾಲಲ್ಲಿ ಒತ್ತಿ ಹಿಡಿದು ಅವನ್ನೂ ಕಡಿದರು. ಹರವಿದ್ದ ಕಾಫಿಯ ಮೇಲೆಲ್ಲ ಮರದ ಚಕ್ಕೆ ಹಾರಿತು.

"ಒಂದು ಇದ್ಯಲ್ಲೋ ಮನೇಲಿ, ಇನ್ನೊಂದು ಯಾತಕ್ಕೆ? ಕೈಗೊಂದೊಂದು ಹಿಡ್ಕಂಡು ಬಾರಿಸ್ತೀಯಾ?"

ಅದು ತೊಂಬತ್ತೈದರ ಜನವರಿ. ಮೂಡಿಗೆರೆಯಿಂದ ದೇವರಮನೆ ಕಡೆ ಹೋಗುವ ದಾರಿಯಲ್ಲಿ ಅವರದು ಆರು ಎಕರೆ ತೋಟ. ಹಿಂದಿನ ವರ್ಷ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡ ಸುಟ್ಟುಹೋಗಿ, ಇಲ್ಲಿ ಕಾಫಿಗೆ ಯಾರೂ ಕಂಡರಿಯದ ರೇಟು ಬಂದಿತ್ತು. ಅಕ್ಕಪಕ್ಕದವರು ಜೀಪು ತಂದರು, ಕಲರ್ ಟೀವಿ ತಂದರು. ಮಂಜಯ್ಯನವರೇ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹೊಸ ಪಲ್ಪರ್ ಕೂರಿಸಿದ್ದರು. ಊರೇ ಕೊಳ್ಳುತ್ತಿರುವಾಗ ತಾನೊಂದು ಗಿಟಾರು ಕೊಂಡರೆ ತಪ್ಪೇನು ಎಂದು ದಿಲೀಪ ಯಾರಿಗೂ ಹೇಳದೆ ಗೋದಾಮಿನಿಂದ ಎರಡು ಮೂಟೆ ಕಾಫಿ ಸಾಗಿಸಿ ಮಾರಿದ್ದ.

ಕಾಫಿ ಹರಗುವ ಮರದ ಹಲಗೆ ಕಣದ ಮೂಲೆಯಲ್ಲಿ ಒರಗಿತ್ತು. ದಿಲೀಪ ಅದನ್ನೆತ್ತಿ ಬೀಸಿದ. ಅದರ ಅಂಚು ಅಪ್ಪನ ಬಾಯಿಗೆ ಬಡಿಯಿತು. ಮಂಜಯ್ಯ ನಿಂತಲ್ಲೇ ಕುಸಿದು ಕೂತು, ಕೈಯಲ್ಲಿ ಉಗುಳಿ ನೋಡಿದರು. ರಕ್ತದಲ್ಲಿ ಎರಡು ಹಲ್ಲು. ಮರುಗಳಿಗೆಗೆ ಅವರು ಮತ್ತೆ ಕೊಡಲಿಗೆ ಕೈ ಹಾಕಿದಾಗ ಅಡುಗೆಮನೆಯಿಂದ ಓಡಿಬಂದ ವಸಂತಮ್ಮ ಉರಿಯುವ ಕೊಳ್ಳಿ ಹಿಡಿದು ಗಂಡ ಮಗನ ನಡುವೆ ನಿಂತರು.

"ಇನ್ನೊಂದು ಏಟು ಬೀಳ್ಲಿ, ಇಬ್ಬರ ಮುಖಕ್ಕೂ ಇಡ್ತೀನಿ. ನಾಳೆ ನಿಮಗೆ ಅನ್ನ ಹಾಕೋದೂ ನಾನೇ ಅನ್ನೋದು ನೆನಪಿರ್ಲಿ."

ತೋಟದ ಆಳುಗಳ ಸಾಲುಮನೆ, ಲೈನಿನಲ್ಲಿದ್ದ ಮಾರಯ್ಯ ಬಂದು ಮಂಜಯ್ಯನವರನ್ನು ಎಬ್ಬಿಸಿ, ಬಾಯಿಗೆ ಟವೆಲ್ ಒತ್ತಿ ಡಾಕ್ಟರ ಹತ್ತಿರ ಕರೆದೊಯ್ದ. ಸಂಜೆ ಅಪ್ಪ ಮಗ ಒಂದೇ ಹಜಾರದಲ್ಲಿ ಉಂಡರು. ಅಪ್ಪನಿಗೆ ಗಂಜಿ. ಆ ಮನೆಯಲ್ಲಿ ಮೊದಲಿನಿಂದಲೂ ಹಾಗೇ. ಮಾತಿಗಿಂತ ಕೈ ಮುಂದೆ, ಹೊಡೆದಾಟ ಮುಗಿದ ಮೇಲೆ ಮಾತೇ ಇಲ್ಲ.

ದಿಲೀಪನ ಕೈಗೆ ಮೊದಲ ಗಿಟಾರು ಬಂದದ್ದು ಅದಕ್ಕೂ ಕೆಲವು ವರ್ಷ ಮೊದಲು, ಪಕ್ಕದ ದೊಡ್ಡ ಎಸ್ಟೇಟಿನ ಮ್ಯಾನೇಜರು ಅಸ್ಸಾಮಿಗೆ ವರ್ಗವಾಗಿ ಸಾಮಾನು ಖಾಲಿ ಮಾಡಿದಾಗ. ಚಿಕ್ಕಮಗಳೂರಿಗೆ ವಾರಕ್ಕೆರಡು ಸಲ ಬಸ್ಸಿನಲ್ಲಿ ಹೋಗಿ ಕಲಿತ. ಚೆನ್ನಾಗಿಯೇ ಕಲಿತ. ಮೂಡಿಗೆರೆಯಲ್ಲಿ ಸೌಂಡ್ ಸಿಸ್ಟಮ್ ಅಂಗಡಿ ಇಟ್ಟುಕೊಂಡು ಆರ್ಕೆಸ್ಟ್ರಾ ನಡೆಸುತ್ತಿದ್ದ ಓಂಕಾರಪ್ಪ ಅವನನ್ನು ಕರೆದು ವೇದಿಕೆಯ ಮೇಲೆ ನಿಲ್ಲಿಸಿದರು. ಗಣಪತಿ ಪೆಂಡಾಲು, ಮದುವೆ ಆರತಕ್ಷತೆ, ಶಾಲಾ ವಾರ್ಷಿಕೋತ್ಸವ. ಕಳಸದಿಂದ ಕೊಟ್ಟಿಗೆಹಾರದವರೆಗೆ ಜನ ಅವನನ್ನು 'ಗಿಟಾರ್ ದಿಲೀಪ' ಎನ್ನತೊಡಗಿದರು.

ಅಲ್ಲಿಗೇ ನಿಂತಿದ್ದರೆ ಬೇರೆಯೇ ಬದುಕಾಗುತ್ತಿತ್ತು. ಕಣದಲ್ಲಿ ಗಿಟಾರು ಮುರಿದ ಮರುವರ್ಷ ಒಂದು ಕಾರ್ಯಕ್ರಮಕ್ಕೆ ಮಂಗಳೂರಿನಿಂದ ಬಂದಿದ್ದ ಗಿಟಾರಿನವನು ಕಾಲ ಬುಡದಲ್ಲಿ ಸಣ್ಣದೊಂದು ಕಬ್ಬಿಣದ ಡಬ್ಬಿ ಇಟ್ಟುಕೊಂಡಿದ್ದ. ಅದನ್ನು ತುಳಿದರೆ ಗಿಟಾರಿನ ದನಿ ಸೀಳಿ, ಹರಿದು, ಅಳುವ ಹಾಗೆ ಬರುತ್ತಿತ್ತು. ಪೆಡಲ್ ಅಂತೆ. ದಿಲೀಪನಿಗೆ ಅಂದಿನಿಂದ ಊಟ ಸೇರಲಿಲ್ಲ. ಬೆಂಗಳೂರಿಗೆ ಹೋಗಿ ಅದನ್ನು ತಂದ ಮೇಲೆ ಹದಿನೈದು ದಿನ ನೆಮ್ಮದಿ. ಹದಿನಾರನೆಯ ದಿನ ಇದಕ್ಕೆ ತಕ್ಕ ಆಂಪ್ಲಿಫೈಯರ್ ಇಲ್ಲವಲ್ಲ ಅನಿಸಿತು. ಅದು ಬಂತು. ಆಮೇಲೆ ಅದಕ್ಕೆ ತಕ್ಕ ಎಲೆಕ್ಟ್ರಿಕ್ ಗಿಟಾರು. ಆಮೇಲೆ ದನಿ ಗುಂಯ್‌ಗುಡಿಸುವ ಇನ್ನೊಂದು ಡಬ್ಬಿ. ಪ್ರತಿ ಸಲವೂ ಅವನ ಮಾತು ಒಂದೇ: "ಇದೊಂದು ಸಿಕ್ಕಿದ್ರೆ ಸಾಕು. ಮುಂದೆ ಏನೂ ಬೇಡ."

ಅದು ಸುಳ್ಳೆಂದು ಅವನಿಗೆ ಗೊತ್ತಿರಲಿಲ್ಲ. ಹೇಳುವಾಗಲೆಲ್ಲ ನಂಬಿಯೇ ಹೇಳುತ್ತಿದ್ದ.

"ಜನ ಕೇಳೋದು ಹಾಡು ಮಾರಾಯ," ಎಂದು ಓಂಕಾರಪ್ಪ ಬುದ್ಧಿ ಹೇಳಿದರು. "ನಿನ್ನ ಡಬ್ಬಿ ಯಾರು ನೋಡ್ತಾರೆ?"

ಒಬ್ಬ ನೋಡಿದ. ಕಳಸದ ಒಂದು ಮದುವೆಯಲ್ಲಿ ಕುಡಿದು ವೇದಿಕೆ ಹತ್ತಿದವನೊಬ್ಬ ಕುಣಿಯುತ್ತ ಕುಣಿಯುತ್ತ ಹೊಸ ಪೆಡಲಿನ ಮೇಲೆ ಬೂಟುಗಾಲು ಇಟ್ಟ. ಅದರ ಗುಂಡಿ ಮುರಿದು ಪಕ್ಕಕ್ಕೆ ಉರುಳಿತು. ದಿಲೀಪ ನುಡಿಸುವುದನ್ನು ನಿಲ್ಲಿಸಿ, ಪಕ್ಕದಲ್ಲಿದ್ದ ಮೈಕ್ ಸ್ಟ್ಯಾಂಡ್ ಎತ್ತಿ ಅವನ ತಲೆಗೆ ಇಳಿಸಿದ. ಒಮ್ಮೆಯಲ್ಲ, ಮೂರು ಸಲ. ಏಳು ಹೊಲಿಗೆ ಬಿದ್ದವು. ಹುಡುಗಿ ಕಡೆಯವರು ಆರ್ಕೆಸ್ಟ್ರಾದವರನ್ನೆಲ್ಲ ಅಟ್ಟಾಡಿಸಿ ಹೊಡೆದರು. ಓಂಕಾರಪ್ಪನವರ ಕನ್ನಡಕ ಚೂರಾಯಿತು. ವಾಪಸಿನ ವ್ಯಾನಿನಲ್ಲಿ ದಿಲೀಪನ ಹುಬ್ಬಿನಿಂದ ರಕ್ತ ಇಳಿಯುತ್ತಿದ್ದರೂ ಅವನು ಒರೆಸುತ್ತಿದ್ದದ್ದು ಪೆಡಲನ್ನು.

ತೊಂಬತ್ತೆಂಟರಲ್ಲಿ ಅತ್ತಿಗುಂಡಿ ಕಡೆಯ ದೀಪಶ್ರೀಯನ್ನು ತಂದು ಮದುವೆ ಮಾಡಿದರು. ಹೆಂಡತಿ ಬಂದರೆ ಹುಚ್ಚು ಇಳಿಯುತ್ತದೆ ಎಂದು ವಸಂತಮ್ಮನ ಲೆಕ್ಕ. ದೀಪಶ್ರೀ ಕೋಣೆಗೆ ಕಾಲಿಟ್ಟಾಗ ಅಲ್ಲಿ ಐದು ಗಿಟಾರು, ಮೂರು ಆಂಪ್ಲಿಫೈಯರು, ಮಂಚದ ಕೆಳಗೆ ಎರಡು ಟ್ರಂಕು ತುಂಬ ಡಬ್ಬಿ, ವೈರು. ಮಳೆಗಾಲದಲ್ಲಿ ಬೂಷ್ಟು ಹಿಡಿಯಬಾರದೆಂದು ಬಲ್ಬು ಉರಿಸಿಟ್ಟಿದ್ದ. ಅವಳ ಸೀರೆಗೆ ಬೀರುವಿನಲ್ಲಿ ಜಾಗ ಇರಲಿಲ್ಲ.

"ಇಷ್ಟರಲ್ಲಿ ನೀವು ಬಾರ್ಸೋದು ಯಾವುದು?" ಎಂದು ಅವಳು ಕೇಳಿದಳು.

ದಿಲೀಪ ಕಾಲಿಗೆ ಸಿಕ್ಕಿದ ವೈರು ಸುತ್ತಿ ಟ್ರಂಕಿಗೆ ಹಾಕಿದ. ಆ ದಿನಗಳಲ್ಲಿ ಅವನು ನುಡಿಸುವುದೇ ಕಡಿಮೆಯಾಗಿತ್ತು. ಹೊಸದನ್ನು ಬಿಚ್ಚುವುದು, ಜೋಡಿಸುವುದು, ಮುಂದಿನದರ ಚಿತ್ರ ಕ್ಯಾಟಲಾಗಿನಲ್ಲಿ ನೋಡುವುದು, ಇಷ್ಟರಲ್ಲೇ ಹೊತ್ತು ಕಳೆಯುತ್ತಿತ್ತು.

ಎರಡು ವರ್ಷ ತಡೆದುಕೊಂಡ ದೀಪಶ್ರೀ ಒಂದು ಮಧ್ಯಾಹ್ನ, ಆ ವಾರವಷ್ಟೇ ಬಂದ ಪೆಡಲನ್ನು ಒಯ್ದು ಗೋಬರ್ ಗ್ಯಾಸ್ ಗುಂಡಿಗೆ ಎಸೆದಳು. ಆಗ ಅವಳು ನಾಲ್ಕು ತಿಂಗಳ ಬಸುರಿ. ಆಸ್ಪತ್ರೆಗೆ ಕರೆದೊಯ್ಯುತ್ತೇನೆಂದ ದಿನ ಗಂಡ ಬೆಂಗಳೂರಿಗೆ ಹೋಗಿ ಆ ಡಬ್ಬಿ ತಂದಿದ್ದ. ಗೊತ್ತಾದ ಕೂಡಲೇ ದಿಲೀಪ ಅವಳ ಜಡೆ ಹಿಡಿದು ಹಿತ್ತಿಲ ತುಂಬ ಎಳೆದಾಡಿದ. "ಇಳಿ, ನೀನೇ ಇಳಿದು ತೆಗಿ" ಎಂದು ಸಗಣಿ ಗುಂಡಿಯ ಅಂಚಿಗೆ ತಳ್ಳಿದ. ವಸಂತಮ್ಮ ಸೌದೆ ಕೊರಡು ತಂದು ಮಗನ ಬೆನ್ನಿಗೆ ಬಾರಿಸಿದರು. ಅವನು ಬಿಡುವವರೆಗೂ ಬಾರಿಸಿದರು. ದೀಪಶ್ರೀ ಎದ್ದು, ಸೀರೆ ಕೊಡವಿ, ಅವನ ಮುಖ ನೋಡಿ ಹೇಳಿದಳು:

"ಇನ್ನೊಂದು ಸಲ ಮೈ ಮುಟ್ಟಿದ್ರೆ ಮಲಗಿದ್ದಾಗ ಕತ್ತು ಕುಯ್ತೀನಿ. ಅತ್ತೇರ ಮುಂದೇನೇ ಹೇಳ್ತಿದೀನಿ."

ಅವನು ಮತ್ತೆ ಮುಟ್ಟಲಿಲ್ಲ. ಕೊಳ್ಳುವುದನ್ನೂ ಬಿಡಲಿಲ್ಲ. ಮಗಳು ಮೇಘಶ್ರೀ ಹುಟ್ಟಿದಳು. ಕಾಫಿ ರೇಟು ನೆಲ ಕಚ್ಚಿತು. ಮಂಜಯ್ಯನವರ ಎರಡು ಕಣ್ಣಿಗೂ ಪೊರೆ ಬಂದು ಅವರು ಗೋಡೆ ಮುಟ್ಟಿಕೊಂಡು ಓಡಾಡುವಂತಾಯಿತು.

ಆ ಹೊತ್ತಿಗೇ ದಿಲೀಪ ಕೆಂಪು ಗಿಟಾರನ್ನು ಕಂಡದ್ದು. ಮೂಡಿಗೆರೆ ಪೇಟೆಯ ವ್ಯಾಪಾರಿ ಮಲ್ಲಿಕಾರ್ಜುನಪ್ಪನವರ ಮಗ ಪ್ರಸನ್ನಕುಮಾರನಿಗೆ ಅದನ್ನು ಅಮೆರಿಕದಿಂದ ಯಾರೋ ನೆಂಟರು ತಂದುಕೊಟ್ಟಿದ್ದರು. ಮಾಗಿದ ಕಾಫಿ ಹಣ್ಣಿನ ಬಣ್ಣ. ಕತ್ತಿನ ಮೇಲೆ ಬೆರಳಿಟ್ಟರೆ ತಾನಾಗಿ ಜಾರುತ್ತಿತ್ತು. ಪ್ರಸನ್ನನಿಗೆ ತಂತಿ ಕೂಡಿಸಿ ಒತ್ತುವ ಕಾರ್ಡ್‌ಗಳಲ್ಲಿ ಮೂರು ಬಿಟ್ಟರೆ ನಾಲ್ಕನೆಯದು ಬಾರದು. ಅವನಿಗೆ ಹುಚ್ಚು ಇದ್ದದ್ದು ಶಿಕಾರಿಯಲ್ಲಿ. ಲೈಸೆನ್ಸ್ ಸಿಗುವ ದಾರಿ ಕಾಣದೆ ಯಾರ್ಯಾರದೋ ಕೋವಿ ಎರವಲು ತಂದು ಕಾಡು ಸುತ್ತುತ್ತಿದ್ದ.

ಮೂರು ತಿಂಗಳು ದಿಲೀಪ ಅವನ ಹಿಂದೆ ಸುತ್ತಿದ. ಕೊನೆಗೆ ಒಂದು ದಿನ ಪ್ರಸನ್ನ ಅಂಗಡಿಯ ಹಿಂದಿನ ಗೋದಾಮಿಗೆ ಕರೆದು ಹೇಳಿದ: "ದುಡ್ಡು ಬೇಡ ಮಾರಾಯ. ನಿಮ್ಮಪ್ಪಂದು ಜೋಡುನಳಿಗೆ ಕೋವಿ ಇದೆಯಲ್ಲ, ಅದು ಕೊಡು. ಇದು ತಗೊಂಡು ಹೋಗು."

"ಅದು ಅಪ್ಪಯ್ಯನ ಹೆಸರಲ್ಲಿದೆ. ನಂಬರ್ ಇದೆ ಅದಕ್ಕೆ."

"ಅವ್ರಿಗೆ ಕಣ್ಣು ಕಾಣುತ್ತಾ? ಕೋವಿ ಗೋಡೆ ಮೇಲಿದ್ರೇನು, ನನ್ನ ಹತ್ರ ಇದ್ರೇನು?"

ದಿಲೀಪ ಆಗಲ್ಲ ಎಂದು ಹೇಳಿ ಎದ್ದು ಬಂದ. ಬಸ್ ಸ್ಟ್ಯಾಂಡಿನವರೆಗೆ ನಡೆದ. ಬೆರಳ ತುದಿಯಲ್ಲಿ ಆ ಗಿಟಾರಿನ ತಂತಿಯ ತಣುಪು ಹಾಗೇ ಉಳಿದಿತ್ತು. ಮೂರನೆಯ ದಿನ ಅವನು ಕೋವಿಯನ್ನು ಗೋಣಿಯಲ್ಲಿ ಸುತ್ತಿ ಒಯ್ದುಕೊಟ್ಟ. ಗೋಡೆಗೆ ತೂಗುಹಾಕಿದ್ದ ಕ್ಯಾನ್ವಾಸ್ ಚೀಲದೊಳಗೆ ಅದರ ಬದಲಿಗೆ ಹಳೆಯ ಮೈಕ್ ಸ್ಟ್ಯಾಂಡಿನ ಕೊಳವೆ ತುರುಕಿ ಬಾಯಿ ಕಟ್ಟಿದ. ಮನೆಯಲ್ಲಿ ಯಾರೂ ಚೀಲ ಮುಟ್ಟಿ ನೋಡಲಿಲ್ಲ. ಕೆಂಪು ಗಿಟಾರು ಆರನೆಯದಾಗಿ ಕೋಣೆಗೆ ಬಂತು. ಹದಿನೈದು ದಿನ ನೆಮ್ಮದಿ.

ಎರಡು ಸಾವಿರದ ಎರಡರ ಫೆಬ್ರವರಿ, ಒಂದು ಭಾನುವಾರ. ಪ್ರಸನ್ನ ನಾಲ್ಕು ಜನರನ್ನು ಕಟ್ಟಿಕೊಂಡು ದೇವರಮನೆ ಕೆಳಗಿನ ಹಳ್ಳದ ಕಾಡಿಗೆ ಹಂದಿ ಶಿಕಾರಿಗೆ ಹೋದ. ಮಾಂಸದ ಪಾಲಿನ ಆಸೆಗೆ ಮಾರಯ್ಯನೂ ಹೋಗಿದ್ದ. ಪೊದೆ ಬಡಿದು ಹಂದಿ ಎಬ್ಬಿಸುವುದು ಅವನ ಕೆಲಸ. ಮಧ್ಯಾಹ್ನ ಮೂರರ ಬಿಸಿಲು. ಪೊದೆ ಅಲುಗಿತು. ಪ್ರಸನ್ನ ಎರಡು ನಳಿಗೆಯನ್ನೂ ಒಟ್ಟಿಗೆ ಹಾರಿಸಿದ. ಪೊದೆಯಿಂದ ಹೊರಬಿದ್ದದ್ದು ಹಂದಿಯಲ್ಲ. ಮಾರಯ್ಯ ಹೊಟ್ಟೆಯನ್ನು ಎರಡು ಕೈಯಲ್ಲಿ ಅವುಚಿಕೊಂಡು, ಏನನ್ನೋ ಬೀಳದಂತೆ ಹೊತ್ತು ತರುವವನ ಹಾಗೆ ನಾಲ್ಕು ಹೆಜ್ಜೆ ನಡೆದು ಬಂದು ಮಂಡಿಯೂರಿದ. ಜೀಪಿನಲ್ಲಿ ಹಾಕಿಕೊಂಡು ಹೊರಟರು. ಮೂಡಿಗೆರೆ ಮುಟ್ಟುವ ಮೊದಲೇ ಜೀವ ಹೋಯಿತು. ಪ್ರಸನ್ನ ದಾರಿಯಲ್ಲೇ ಇಳಿದು ಓಡಿದ. ಕೋವಿ ಜೀಪಿನಲ್ಲೇ ಉಳಿಯಿತು.

ಕೋವಿಯ ನಂಬರು ಹಿಡಿದು ಮರುದಿನ ಬೆಳಿಗ್ಗೆ ಪೊಲೀಸರು ಮನೆಗೆ ಬಂದು, ಅದು ಪ್ರಸನ್ನನ ಕೈಗೆ ಹೇಗೆ ಹೋಯಿತೆಂದು ಕೇಳಿದರು.

"ನನ್ನ ಕೋವಿ ಇಲ್ಲೇ ಇದೆ ಸ್ವಾಮಿ," ಎಂದ ಮಂಜಯ್ಯ ಗೋಡೆ ತಡವಿ ಚೀಲ ಇಳಿಸಿದರು. ಕೈಗೆ ಬಂದ ಭಾರಕ್ಕೇ ಅವರ ಮುಖ ಬದಲಾಯಿತು. ಕಟ್ಟು ಬಿಚ್ಚಿ ಒಳಗಿನ ಕೊಳವೆಯನ್ನು ಮೇಲಿಂದ ಕೆಳಗೆ ಸವರಿದರು. ಅದರ ತುದಿಯಲ್ಲಿ ಮೈಕ್ ಸಿಕ್ಕಿಸುವ ಕೊಕ್ಕೆ ಇತ್ತು. ಅದನ್ನು ಬೆರಳಲ್ಲಿ ಎರಡು ಸಲ ತಿರುಗಿಸಿದರು. ದಿಲೀಪ ಕಂಬದ ಹತ್ತಿರ ನಿಂತಿದ್ದ. ಈಗ ಬಂತು ಏಟು ಎಂದುಕೊಂಡ. ಬಂದಿದ್ದರೆ ಒಳ್ಳೆಯದಿತ್ತು.

"ನಾನೇ ಕೊಟ್ಟಿದ್ದು," ಎಂದರು ಮಂಜಯ್ಯ. "ಹಂದಿ ಕಾಟ ಜಾಸ್ತಿ ಅಂತ ಆ ಹುಡುಗ ಕೇಳ್ದ, ಕೊಟ್ಟೆ. ಮರೆತಿದ್ದೆ."

ಅವರನ್ನು ಜೀಪು ಹತ್ತಿಸಿದರು. ಮೆಟ್ಟಿಲು ಕಾಣದೆ ಕಾಲು ತಡವರಿಸಿದಾಗ ಪೊಲೀಸಿನವನೇ ಕೈ ಹಿಡಿದ. ದಿಲೀಪ ಕಂಬ ಬಿಟ್ಟು ಕದಲಲಿಲ್ಲ. ಜೀಪು ತಿರುವಿನಲ್ಲಿ ಮರೆಯಾದ ಮೇಲೆ ವಸಂತಮ್ಮ ಬಂದು ಮಗನ ಕೆನ್ನೆಗೆ ಹೊಡೆದರು. ಈ ಕಡೆ ಒಂದು, ಆ ಕಡೆ ಒಂದು. ಕೈ ಸೋಲುವವರೆಗೆ ಹೊಡೆದು ಅಲ್ಲೇ ಕುಸಿದು ಕೂತರು.

ಪೊಲೀಸರಿಗೆ ನಂಬರು ಮಾತ್ರ ಗೊತ್ತಿತ್ತು. ಲೈನಿನ ಆಳುಗಳಿಗೆ ಎಲ್ಲ ಗೊತ್ತಿತ್ತು. ಶಿಕಾರಿಗೆ ಹೋದವರೇ ಹೇಳಿದ್ದರು, ಕೋವಿ ಗಿಟಾರಿಗೆ ಬಂದದ್ದು ಅಂತ. ಮಾರಯ್ಯನ ಮಣ್ಣಾದ ಮರುದಿನ, ಬೆಳಿಗ್ಗೆ ಹತ್ತರ ಹೊತ್ತಿಗೆ, ಅವನ ಹೆಂಡತಿ ದೇವೀರಮ್ಮ ಅಂಗಳಕ್ಕೆ ಬಂದಳು. ಕೈಯಲ್ಲಿ ಮರಗಸಿಗೆ, ನೆರಳುಮರದ ಕೊಂಬೆ ಸವರಲು ಬಳಸುವ ಉದ್ದ ಹಿಡಿಯ ಕತ್ತಿ.

"ಸಣ್ಣಗೌಡ್ರೆ, ಹೊರಗೆ ಬನ್ನಿ. ನಮ್ಮನೆಯವ್ರ ಜೀವಕ್ಕೆ ಏನು ತಗೊಂಡ್ರಿ ನೀವು? ಅದನ್ನ ನಾನು ನೋಡ್ಬೇಕು."

ದೀಪಶ್ರೀ ಬಾಗಿಲಲ್ಲಿ ನಿಂತಿದ್ದಳು. ತಡೆಯಲಿಲ್ಲ. "ತೋರ್ಸಿ," ಎಂದಳು ಗಂಡನಿಗೆ.

ದಿಲೀಪ ಕೆಂಪು ಗಿಟಾರು ತಂದು ಜಗಲಿಯ ಮೇಲೆ ಕೂತ. ದೇವೀರಮ್ಮ ಬಾಗಿ ನೋಡಿದಳು. ಬೆರಳಿನಿಂದ ಅದರ ಹೊಳಪನ್ನು ಮುಟ್ಟಿದಳು.

"ಬಾರ್ಸಿ."

ಅವನು ತಂತಿ ಮೀಟಿದ. ಕರೆಂಟಿಗೆ ಸಿಕ್ಕಿಸದ ಎಲೆಕ್ಟ್ರಿಕ್ ಗಿಟಾರಿಗೆ ದನಿಯೇ ಇಲ್ಲ. ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಟಿಣ್, ಟಿಣ್ ಎಂದಿತು.

"ಇಷ್ಟೇನಾ?" ಎಂದಳು ದೇವೀರಮ್ಮ. ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಇಷ್ಟಕ್ಕಾ?"

ಆಮೇಲೆ ಅವಳ ಕತ್ತಿ ಮೇಲೆದ್ದಿತು. ಅದು ಬರುತ್ತಿದ್ದದ್ದು ಗಿಟಾರಿನ ಕುತ್ತಿಗೆಗೆ, ಅವನಿಗಲ್ಲ. ಕೈ ತೆಗೆಯಲು ದಿಲೀಪನಿಗೆ ಸಮಯವಿತ್ತು. ಅವನು ತೆಗೆಯಲಿಲ್ಲ. ಎಡಗೈಯನ್ನು ಇನ್ನಷ್ಟು ಮುಂದೆ ಚಾಚಿ ಗಿಟಾರಿಗೆ ಅಡ್ಡ ಹಿಡಿದ. ನಡುಬೆರಳು, ಉಂಗುರಬೆರಳು ಎರಡೂ ಬುಡದಲ್ಲಿ ತುಂಡಾಗಿ ಜಗಲಿಯಿಂದ ಅಂಗಳಕ್ಕೆ ಬಿದ್ದವು. ಕತ್ತಿ ಬೆರಳು ದಾಟಿ ಗಿಟಾರಿನ ಮರದಲ್ಲಿ ಕಚ್ಚಿಕೊಂಡಿತು. ದೇವೀರಮ್ಮ ಅದನ್ನು ಕೀಳಲು ಹೋಗಲಿಲ್ಲ. ಬಿದ್ದದ್ದನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಂಗಳದಲ್ಲಿದ್ದ ನಾಯಿ ಎದ್ದು ಬಂತು. ದೀಪಶ್ರೀ ಅದಕ್ಕೆ ಕಲ್ಲು ಬೀರಿ ಓಡಿಸಿ, ಬೆರಳೆರಡನ್ನೂ ಎತ್ತಿ ಬಟ್ಟೆಯಲ್ಲಿ ಕಟ್ಟಿದಳು.

ಬೆರಳು ಕೂಡಲಿಲ್ಲ. ಹೇಗಾಯಿತು ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ದಿಲೀಪ "ಮರಗಸಿ ಮಾಡ್ತಿದ್ದೆ, ಕತ್ತಿ ಜಾರ್ತು" ಎಂದ. ದೇವೀರಮ್ಮನ ಹೆಸರು ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ಮಂಚದ ಪಕ್ಕ ಕೂತಿದ್ದ ದೀಪಶ್ರೀಗೆ ಮಾತ್ರ, ಡಾಕ್ಟರು ಹೊರಹೋದ ಮೇಲೆ, ನಿಜ ಹೇಳಿದ: "ಕೈ ತೆಗೀಬಹುದಿತ್ತು ಕಣೇ. ಗಿಟಾರಿಗೆ ಏಟು ಬೀಳುತ್ತಲ್ಲ ಅಂತ ಅಡ್ಡ ಕೊಟ್ಟೆ."

ದೀಪಶ್ರೀ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟಳು. "ಅಪ್ಪಯ್ಯನ್ನ ಪೊಲೀಸ್ನೋರು ಕರ್ಕೊಂಡು ಹೋಗೋವಾಗ ಅಡ್ಡ ಹೋಗ್ಲಿಲ್ಲ ನೀವು," ಎಂದಳು.

ನಾಲ್ಕನೆಯ ದಿನ ದಿಲೀಪ ಬ್ಯಾಂಡೇಜು ಕಟ್ಟಿದ ಕೈಯಲ್ಲೇ ಠಾಣೆಗೆ ಹೋಗಿ, ಕೋವಿ ಒಯ್ದದ್ದು ತಾನು, ಅಪ್ಪನಿಗೆ ಗೊತ್ತೇ ಇಲ್ಲ ಎಂದು ಬರೆದುಕೊಟ್ಟ. ಅಪ್ಪನ ಹೇಳಿಕೆ ಮತ್ತೆ ತೆಗೆದುಕೊಳ್ಳಬೇಕೆಂದು ಅವರನ್ನೂ ಜೈಲಿನಿಂದ ಅಲ್ಲಿಗೆ ಕರೆಸಿದ್ದರು. ಮಂಜಯ್ಯ ಬೆಂಚಿನ ಮೇಲೆ ಕೂತಿದ್ದರು. ಮಗನ ದನಿ ಕೇಳಿ ಕೈ ಚಾಚಿದರು. ಬ್ಯಾಂಡೇಜು ಸಿಕ್ಕಿತು. ಅದನ್ನು ಹಿಡಿದು, ಬೆರಳು ಇರಬೇಕಾದ ಜಾಗವನ್ನು ಒಂದೊಂದಾಗಿ ಒತ್ತಿ ನೋಡಿದರು.

"ಯಾರು?"

"ಮರಗಸಿ ಮಾಡೋವಾಗ ಕತ್ತಿ ತಾಗ್ತು ಅಪ್ಪಯ್ಯ."

"ಮರ ಹತ್ತಿದೋನಲ್ಲ ನೀನು ಹುಟ್ಟಿದಾಗಿಂದ." ಬ್ಯಾಂಡೇಜಿನಿಂದ ಕೈ ತೆಗೆದು, "ಮಾರಯ್ಯನ ಹೆಂಡ್ತಿ ತಂಟೆಗೆ ಹೋಗ್ಬೇಡ," ಎಂದರು. ಆಮೇಲೆ ಪಕ್ಕದ ಕಾನ್‌ಸ್ಟೇಬಲ್ ಕಡೆ ತಿರುಗಿ, "ಇವನಿಗೆ ಒಂದ್ಲೋಟ ನೀರು ಕೊಡ್ಸಿ ಸ್ವಾಮಿ. ಬಿಸಿಲಲ್ಲಿ ಬಂದಿದಾನೆ," ಎಂದರು.

ಪ್ರಸನ್ನ ಹಾಸನದಲ್ಲಿ ಸಿಕ್ಕಿಬಿದ್ದ. ಮಂಜಯ್ಯ ಹನ್ನೆರಡನೆಯ ದಿನಕ್ಕೆ ಜಾಮೀನಿನ ಮೇಲೆ ಮನೆಗೆ ಬಂದರು. ದಿಲೀಪ ಒಟ್ಟು ಹದಿನಾಲ್ಕು ತಿಂಗಳು ಒಳಗಿದ್ದ. ರಕ್ತದ ಕಲೆ, ಕತ್ತಿಯ ಗಾಯ ಸಮೇತ ಕೆಂಪು ಗಿಟಾರನ್ನು ಪೊಲೀಸರು ಕೇಸಿನ ವಸ್ತುವೆಂದು ಒಯ್ದಿದ್ದರು. ಜೈಲಿನ ಮೊದಲ ಮಳೆಗಾಲದಲ್ಲಿ ದಿಲೀಪನಿಗೆ ಮಾರಯ್ಯ ಕಾಣಿಸಿಕೊಳ್ಳುತ್ತಿದ್ದ, ಹೊಟ್ಟೆ ಅವುಚಿಕೊಂಡು ನಡೆದು ಬರುತ್ತಿದ್ದ. ಅದರ ನಡುನಡುವೆಯೇ ಇನ್ನೊಂದು ಯೋಚನೆಯೂ ಬರುತ್ತಿತ್ತು: ಠಾಣೆಯ ಕೋಣೆಯ ಥಂಡಿಗೆ ಗಿಟಾರಿನ ತಂತಿ ತುಕ್ಕು ಹಿಡಿಯುತ್ತಲ್ಲ. ಹಾಗೆ ಅನಿಸಿದಾಗ ಅವನು ತನ್ನ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದ. ಜೊತೆಯವರು ಹಿಡಿದು ಕೂರಿಸುತ್ತಿದ್ದರು.

ಅವನು ಹೊರಬರುವಷ್ಟರಲ್ಲಿ ದೀಪಶ್ರೀ ಕೋಣೆ ಖಾಲಿ ಮಾಡಿಸಿದ್ದಳು. ಗಿಟಾರು, ಆಂಪ್ಲಿಫೈಯರು, ಟ್ರಂಕುಗಳನ್ನೆಲ್ಲ ಓಂಕಾರಪ್ಪನವರ ಮೂಲಕ ಮಾರಿ, ಬಂದದ್ದನ್ನು ಮಾವನ ಕೈಯಿಂದಲೇ ದೇವೀರಮ್ಮನಿಗೆ ಕೊಡಿಸಿದ್ದಳು. ದೇವೀರಮ್ಮ ಅದನ್ನು ಬೇಡವೆನ್ನಲಿಲ್ಲ. ಕೈ ಮುಗಿಯಲೂ ಇಲ್ಲ. ಮಕ್ಕಳನ್ನು ಕರೆದುಕೊಂಡು ಹೊರನಾಡಿನ ತನ್ನ ತಮ್ಮನ ಹತ್ತಿರ ಹೋಗಿ, ಅಲ್ಲೊಂದು ಲಾಡ್ಜಿನಲ್ಲಿ ಕೆಲಸಕ್ಕೆ ಸೇರಿದಳು.

ಓಂಕಾರಪ್ಪ ಅಂಗಡಿಯಲ್ಲಿ ರಿಪೇರಿ ಕೆಲಸ ಕೊಟ್ಟರು. ಕೆಟ್ಟ ಸ್ಪೀಕರು, ಸುಟ್ಟ ಆಂಪ್ಲಿಫೈಯರು. ಎಡಗೈಯ ಮೂರು ಬೆರಳಿಗೆ ಆ ಕೆಲಸ ಒಗ್ಗಿತು. ನುಡಿಸುವ ಮಾತು ಯಾರೂ ಎತ್ತಲಿಲ್ಲ.

ಎರಡು ಸಾವಿರದ ಆರರಲ್ಲಿ ಅಂಗಡಿಗೆ ಸಾಮಾನು ತರಲೆಂದು ಅವನು ಬೆಂಗಳೂರಿಗೆ ಹೋದ. ಕೆಲಸ ಮುಗಿಸಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಾಲು ತಾನಾಗಿ ಒಂದು ಗಿಟಾರಿನ ಅಂಗಡಿ ಹೊಕ್ಕಿತು. ಗಾಜಿನೊಳಗೆ ಗಿಟಾರಿಗೆ ಜೋಡಿಸುವ ಹೊಸ ಪ್ರೊಸೆಸರ್ ಇತ್ತು. ಅವನ ಕಾಲದ ಎರಡು ಟ್ರಂಕಿನಷ್ಟು ದನಿ ಈಗ ಒಂದೇ ಪೆಟ್ಟಿಗೆಯಲ್ಲಿ. ಗಾಜಿಗೆ ಮುಖ ತಾಗಿಸಿ ಅದರ ಗುಂಡಿಗಳನ್ನು ಎಣಿಸಿದ. ಹತ್ತು ವರ್ಷದ ಹಿಂದೆ ಹೇಗೋ ಈಗಲೂ ಹಾಗೆಯೇ.

"ನುಡಿಸಿ ನೋಡಿ ಸಾರ್," ಎಂದು ಅಂಗಡಿಯವನು ಗಿಟಾರು ಮುಂದೆ ಹಿಡಿದ. ದಿಲೀಪ ಎಡಗೈ ಎತ್ತಿದ. ಅಂಗಡಿಯವನು ನೋಡಿ ಗಿಟಾರನ್ನು ಹಿಂದಕ್ಕೆ ತೆಗೆದುಕೊಂಡು ತಲೆ ತಗ್ಗಿಸಿದ. ಆದರೂ ದಿಲೀಪ ರೇಟು ಕೇಳಿದ. ಕೇಳಿ ಹೊರಗೆ ಬಂದು ಫುಟ್‌ಪಾತಿನ ಮೇಲೆ ಕೂತು, ಬಸ್ಸಿನ ಹೊತ್ತಾಗುವವರೆಗೆ ಅತ್ತ.

ಊರಿಗೆ ಬಂದವನು ಕೈಕಾಲು ತೊಳೆದು, ಊಟಕ್ಕೆ ಕೂತಾಗ ಹೆಂಡತಿಗೆ ಅದನ್ನು ಹೇಳಿಯೇಬಿಟ್ಟ. "ಆಸೆ ಹೋಗಿಲ್ಲ ಕಣೇ. ಇಷ್ಟೆಲ್ಲ ಆದ್ಮೇಲೂ ಹೋಗಿಲ್ಲ. ನಾನೆಂಥಾ ಮನುಷ್ಯ?"

ದೀಪಶ್ರೀ ಅನ್ನ ಬಡಿಸುತ್ತಿದ್ದಳು. ಸಾರು ಹಾಕಿ, ಸೌಟು ಪಾತ್ರೆಗಿಟ್ಟು, ಆಮೇಲೆ ಮಾತಾಡಿದಳು.

"ಹೋಗದಿದ್ರೆ ಬೇಡ. ಅದು ಮನೆ ಒಳಗೆ ಬರದಿದ್ರೆ ಸಾಕು. ಬಂದ ದಿನ ನಾನು, ಮಗಳು, ಅತ್ತೆ, ಅಪ್ಪಯ್ಯ, ನಾಲ್ಕೂ ಜನ ಹೊರಗೆ."

ದಿಲೀಪ ಅನ್ನ ಕಲಸಿಕೊಂಡ.